ಇಲಿಗೆ ಗುಣವಾಯ್ತಂತೆ, ಮಗುವಿಗೆ ಕೊಡಬಹುದಾ?

ಪ್ರಶ್ನೆ: ಯಾವುದೋ ಎಲೆಯ ರಸದಿಂದ ಇಲಿಗಳ ಮೆನಿಂಜೈಟಿಸ್ (ಮೆದುಳಿನ ಹೊದಿಕೆಯ ಉರಿಯೂತ) ವಾಸಿಯಾಯಿತು ಎಂದು ವಾಟ್ಸಾಪ್‌ನಲ್ಲಿ ಓದಿದೆ. ಜ್ವರ ಬಂದ ಮಗುವಿಗೆ ಕೊಡಬಹುದೇ?

ಬೇಡ. ಈ ಪ್ರಶ್ನೆ ಬರುತ್ತಲೇ ಇರುತ್ತದೆ, ಎಲೆ ಮಾತ್ರ ಬೇರೆ ಬೇರೆ. ಇಂಥ ಸುದ್ದಿ ಕಂಡರೆ ಒಂದೇ ಮಾತು ಕೇಳಿ: ಇಲಿಗೆ ಔಷಧ ಕೊಟ್ಟಿದ್ದು ಯಾವಾಗ?

ಲ್ಯಾಬಿನಲ್ಲಿ ನಾವು ಇಲಿಗೆ ಅರಿವಳಿಕೆ ಕೊಟ್ಟು, ತಲೆ ಬಗ್ಗಿಸಿ, ಬುರುಡೆ ಕುತ್ತಿಗೆಗೆ ಸೇರುವಲ್ಲಿ ಸಣ್ಣ ಸೂಜಿಯಿಂದ ಈ ರೋಗ ತರುವ ನ್ಯೂಮೊಕಾಕಸ್ ಬ್ಯಾಕ್ಟೀರಿಯಾ ಬಿಡುತ್ತೇವೆ. ಕೈ ಸ್ವಲ್ಪ ಅಲುಗಿದರೂ ಕೆಟ್ಟಿತು. ಇಲಿಯ ಮೆದುಳಿನ ಸುತ್ತ ಇರುವ ನೀರೇ ಒಂದು ಹನಿಯಷ್ಟು. ನಮ್ಮಲ್ಲಿ ಸುಮಾರು 150 ಮಿಲಿ. ಮರುದಿನ ತೂಕ ನೋಡಿ, ಅಂಗಾತ ಮಲಗಿಸುತ್ತೇವೆ. ಗಟ್ಟಿಯಾಗಿರುವ ಇಲಿ ಪಟ್ಟನೆ ಹೊರಳಿ ಏಳುತ್ತದೆ. ಕೂದಲು ನಿಮಿರಿಸಿಕೊಂಡು ಹಾಗೇ ಬಿದ್ದಿದ್ದರೆ ರೋಗ ಹಿಡಿದಿದೆ ಎಂದು ಲೆಕ್ಕ. ಆಗ ಸೆಫ್ಟ್ರಿಯಾಕ್ಸೋನ್ ಎಂಬ ಆ್ಯಂಟಿಬಯೋಟಿಕ್ ಕೊಟ್ಟು, ಹೊಸ ಔಷಧ ಅದರ ಜೊತೆ ಇನ್ನೂ ಏನಾದರೂ ಮಾಡುತ್ತಾ ಎಂದು ನೋಡಬೇಕು. ಬ್ಯಾಕ್ಟೀರಿಯಾ ಬಿಡುವ ಮೊದಲೇ ರಸ ಕುಡಿಸಿ 'ಗುಣವಾಯ್ತು' ಅಂದರೆ? ಆಸ್ಪತ್ರೆಗೆ ಬರುವ ಮಗುವಿಗೆ ರೋಗ ಆಗಲೇ ಹಿಡಿದಿರುತ್ತದೆ ಅಲ್ವಾ!

ಇಲಿಯನ್ನು ದಾಟಿ ಬಂದ ಔಷಧವೂ ಎಲ್ಲರಿಗೂ ಒಗ್ಗುವುದಿಲ್ಲ. ಯುರೋಪಿನಲ್ಲಿ ಬ್ಯಾಕ್ಟೀರಿಯಾದಿಂದ ಮೆನಿಂಜೈಟಿಸ್ ಆದ 301 ವಯಸ್ಕರ ಮೇಲೆ ಡೆಕ್ಸಾಮೆಥಾಸೋನ್ ಎಂಬ, ಊತ ಇಳಿಸುವ ಸ್ಟೀರಾಯ್ಡ್ ಪರೀಕ್ಷಿಸಿದ ವರದಿ 2002ರಲ್ಲಿ ಬಂತು. ಅದು ಸಿಕ್ಕವರಲ್ಲಿ ಶೇ 7 ಜನ ಸತ್ತರು, ಸಿಗದವರಲ್ಲಿ ಶೇ 15. ಮಲಾವಿಯಲ್ಲಿ, ಹೆಚ್ಚಿನವರಿಗೆ ಎಚ್‌ಐವಿ ಇದ್ದ ಕಡೆ, ಅದೇ ಔಷಧದಿಂದ ಲಾಭವೇ ಕಾಣಲಿಲ್ಲ. ಆ ವರದಿ ಬಂದದ್ದು 2007ರಲ್ಲಿ.

ಇದೇ ರೋಗ ತರುವ ಇನ್ನೊಂದು ಬ್ಯಾಕ್ಟೀರಿಯಾ ಮೆನಿಂಗೊಕಾಕಸ್ ಅಂತೂ ಇಲಿಯಲ್ಲಿ ಸರಿಯಾಗಿ ಬೇರೂರುವುದೇ ಇಲ್ಲ. ಅದಕ್ಕೆ ಬೇಕಾದ ಕಬ್ಬಿಣವನ್ನು ಅದು ಮನುಷ್ಯರ ಟ್ರಾನ್ಸ್‌ಫೆರಿನ್‌ನಿಂದ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್) ಕಿತ್ತುಕೊಳ್ಳುತ್ತದೆ. ಇಲಿಯದು ಅದಕ್ಕೆ ಆಗದು. ಹಾಗಾಗಿ ಮನುಷ್ಯರ ಟ್ರಾನ್ಸ್‌ಫೆರಿನ್ ಇರುವ ಇಲಿಗಳನ್ನೇ ತಯಾರು ಮಾಡಿದ್ದಾರೆ. ಇಷ್ಟೆಲ್ಲ ತಾಪತ್ರಯ ಪಡುವವರು 'ಇದು ಇಲಿಯ ಫಲಿತಾಂಶ ಮಾತ್ರ' ಎನ್ನುತ್ತಾರೆ. ರಸ ಮಾರುವವರಿಗೆ ಆ ಸಂಕೋಚ ಇಲ್ಲ.

ಜ್ವರದ ಜೊತೆ ವಾಂತಿ, ಮಂಪರು, ಕುತ್ತಿಗೆ ಬಿಗಿತ ಇದ್ದರೆ ತಕ್ಷಣ ಆಸ್ಪತ್ರೆಗೆ ಹೊರಡಿ. ಎಳೆಕೂಸುಗಳಲ್ಲಿ ಕುತ್ತಿಗೆ ಬಿಗಿಯದೇ ಇರಬಹುದು. ಹಾಲು ಬಿಟ್ಟರೆ, ನೆತ್ತಿ ಉಬ್ಬಿದರೆ ಸಾಕು. ಎರಡು ದಿನ ಕಷಾಯ ಕುಡಿಸಿ ತಂದ ಒಂದು ಮಗುವನ್ನು ನೋಡಿದ್ದೇನೆ. ಜೀವ ಉಳಿಯಿತು, ಕಿವಿ ಉಳಿಯಲಿಲ್ಲ.

ಪ್ರಶ್ನೆ: ಮೆನಿಂಜೈಟಿಸ್ ಪರೀಕ್ಷೆಗೆ ಬೆನ್ನಿನ ನೀರು ತೆಗೆದರೆ ಕಾಲು ಬಿದ್ದುಹೋಗುತ್ತದಾ?

ಇಲ್ಲ. ಬೆನ್ನುಹುರಿ ಮುಗಿದ ಮೇಲೆ, ಅದರ ಕೆಳಗೆ ಸೂಜಿ ಹಾಕುತ್ತಾರೆ. ಸುಮ್ನೆ ಬೇಡ ಅನ್ನಬೇಡಿ.

ಪ್ರಶ್ನೆ: ಅಡುಗೆಮನೆ ಇಲಿಯಿಂದ ಇದು ಬರುತ್ತಾ?

ನೀವು ಹೇಳುತ್ತಿರುವುದು ಇಲಿಜ್ವರ. ಮೇಲಿನ ಎರಡೂ ಬ್ಯಾಕ್ಟೀರಿಯಾ ಮನುಷ್ಯರ ಮೂಗು, ಗಂಟಲಿನಿಂದಲೇ ಬರುತ್ತವೆ.