ಗರ್ಭನಿರೋಧಕ ಮಾತ್ರೆಯ ಹೊಸ ಸ್ಟ್ರಿಪ್ ಮೂರು ದಿನ ತಡವಾಯ್ತು, ಗರ್ಭ ನಿಂತಿರಬಹುದಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 27 ವರ್ಷ, ಮದುವೆಯಾಗಿ ಎರಡು ವರ್ಷ. ಕೆಂಗೇರಿಯಲ್ಲಿ ಮನೆ, ವೈಟ್‌ಫೀಲ್ಡ್‌ನಲ್ಲಿ ಕೆಲಸ, ವಾರಕ್ಕೊಂದು ಶಿಫ್ಟ್. 21 ಮಾತ್ರೆ ತಗೊಂಡು 7 ದಿನ ಬಿಡುತ್ತೇನೆ. ಈ ಸಲ ಭಾನುವಾರ ಹೊಸ ಸ್ಟ್ರಿಪ್ ಶುರು ಮಾಡಬೇಕಿತ್ತು. ತಮ್ಮನ ಮದುವೆಗೆ ಹಾಸನಕ್ಕೆ ಹೋಗಿದ್ದೆ, ಸ್ಟ್ರಿಪ್ ಇಲ್ಲೇ ಉಳಿಯಿತು. ಬುಧವಾರ ರಾತ್ರಿ ವಾಪಸ್ ಬಂದು, ಮರೆತ ಮೂರು ಮತ್ತು ಅವತ್ತಿನ ಒಂದು, ನಾಲ್ಕೂ ಒಟ್ಟಿಗೆ ನುಂಗಿದೆ. ವಾಕರಿಕೆ ಬಂತು, ವಾಂತಿ ಆಗಲಿಲ್ಲ. ಗುರುವಾರ ಗಂಡನ ಜೊತೆ ಸೇರಿದೆ, ಕಾಂಡೋಮ್ ಬಳಸಿರಲಿಲ್ಲ. ಆ ಒಂದೇ ಸಲ. ಇದಾಗಿ ಒಂಬತ್ತು ದಿನ. ಮಾತ್ರೆ ದಿನಾ ತಗೊಳ್ಳುತ್ತಿದ್ದೇನೆ. ಇವತ್ತು ಟೆಸ್ಟ್ ಮಾಡಿದೆ, ನೆಗೆಟಿವ್. ನಾನು ಸೇಫ್ ಅಲ್ವಾ?

ಉತ್ತರ: ಸೇಫ್ ಅಂತ ಈಗಲೇ ಹೇಳಲಾರೆ. ಗರ್ಭ ನಿಂತೇ ಬಿಟ್ಟಿದೆ ಅಂತಲೂ ಅಲ್ಲ, ಹಾಗಾಗಿ ಗಾಬರಿ ಬೇಡ. ಆದರೆ ಒಂಬತ್ತನೇ ದಿನದ ನೆಗೆಟಿವ್‌ಗೆ ಬೆಲೆ ಇಲ್ಲ. ಭ್ರೂಣ ಗರ್ಭಕೋಶಕ್ಕೆ ಅಂಟಿಕೊಂಡ ಮೇಲೆಯೇ ಟೆಸ್ಟ್ ಹುಡುಕುವ ಗರ್ಭದ ಹಾರ್ಮೋನ್ ಮೂತ್ರದಲ್ಲಿ ಕಾಣಿಸುವುದು. ಆ ಗುರುವಾರದಿಂದ 21 ದಿನ ಎಣಿಸಿ, ಬೆಳಗಿನ ಮೊದಲ ಮೂತ್ರದಲ್ಲಿ ಮತ್ತೆ ಟೆಸ್ಟ್ ಮಾಡಿ. ಅದು ನೆಗೆಟಿವ್ ಬಂದರೆ ನಂಬಬಹುದು.

ಲೆಕ್ಕ ಹಾಕಿದರೆ ಆ ದಿನ ನಿಮ್ಮ ಮುಂದಿನ ಬಿಡುವಿನ ವಾರದ ಗುರುವಾರಕ್ಕೆ ಬರುತ್ತದೆ. ಅಷ್ಟರಲ್ಲಿ ಬ್ಲೀಡಿಂಗ್ ಶುರುವಾಗಿರಬಹುದು. "ಪೀರಿಯಡ್ಸ್ ಬಂತಲ್ಲ, ಇನ್ಯಾಕೆ ಟೆಸ್ಟ್" ಅಂತ ಬಿಡಬೇಡಿ. ಮಾತ್ರೆ ನಿಲ್ಲಿಸಿದಾಗ ಬರುವ ಈ ರಕ್ತಸ್ರಾವ ಹಾರ್ಮೋನ್ ಇಳಿದಿದ್ದಕ್ಕೆ ಬರುವಂಥದ್ದು, ಗರ್ಭ ಇಲ್ಲ ಅನ್ನೋದಕ್ಕೆ ಅದೊಂದೇ ಸಾಕ್ಷಿ ಆಗುವುದಿಲ್ಲ. ಟೆಸ್ಟ್ ನೆಗೆಟಿವ್ ಆದರೆ ಭಾನುವಾರ ಹೊಸ ಸ್ಟ್ರಿಪ್ ಶುರು ಮಾಡಿ, ಬ್ಲೀಡಿಂಗ್ ಬಂದಿರಲಿ, ಬರದೇ ಇರಲಿ.

ಈಗ ಮುಖ್ಯ ವಿಷಯ. ತುಂಬಾ ಜನ ಎಷ್ಟು ಮಾತ್ರೆ ಮರೆತೆ ಅಂತ ಮಾತ್ರ ಲೆಕ್ಕ ಹಾಕುತ್ತಾರೆ. ಯಾವ ಮಾತ್ರೆ ಮರೆತಿರಿ ಅನ್ನೋದು ಅಷ್ಟೇ ಮುಖ್ಯ. ಅಂಡಾಶಯವನ್ನು ಮಲಗಿಸಿಡುವುದು ಈ ಮಾತ್ರೆಯ ಕೆಲಸ. 7 ದಿನ ಬಿಟ್ಟಾಗ ಅದು ಮೆಲ್ಲಗೆ ಏಳಲು ಶುರು ಮಾಡುತ್ತದೆ, ಎಂಟನೇ ದಿನ ನೀವು ಹೊಸ ಸ್ಟ್ರಿಪ್ ಶುರು ಮಾಡಿದರೆ ಮತ್ತೆ ಮಲಗುತ್ತದೆ. ನಿಮ್ಮ 7 ದಿನ 10 ದಿನ ಆಯ್ತು. ಅಷ್ಟರಲ್ಲಿ ಅಂಡ ಬೆಳೆದು ಹೊರಬರುವ ಸಾಧ್ಯತೆ ಇದೆ, ವೀರ್ಯಾಣು ಒಳಗೆ 5 ದಿನದವರೆಗೂ ಬದುಕಿರಬಲ್ಲದು. ಸ್ಟ್ರಿಪ್‌ನ ಮೊದಲ ಮಾತ್ರೆಗಳು ತಡವಾಗುವುದೇ ಎಲ್ಲಕ್ಕಿಂತ ಅಪಾಯ ಅನ್ನುವುದು ಇದಕ್ಕೇ. ಕ್ಲಿನಿಕ್‌ಗೆ ಬರುವವರಲ್ಲಿ ಹೆಚ್ಚಿನವರು ಇದನ್ನು ಉಲ್ಟಾ ತಿಳಿದುಕೊಂಡಿರುತ್ತಾರೆ: ನಡುವೆ ತಪ್ಪಿದರೆ ಮಾತ್ರ ತೊಂದರೆ, ಶುರು ಮಾಡುವುದು ಎರಡು ದಿನ ಆಚೀಚೆ ಆದರೂ ನಡೆಯುತ್ತೆ ಅಂತ. ನಡೆಯಲ್ಲ.

ನಾಲ್ಕು ಮಾತ್ರೆ ಒಟ್ಟಿಗೆ ನುಂಗಿದ್ದರಿಂದ ವಾಕರಿಕೆ ಬಿಟ್ಟು ಅಪಾಯ ಏನಿಲ್ಲ, ಲಾಭವೂ ಇಲ್ಲ. ಎಷ್ಟೇ ಮರೆತಿರಲಿ, ಕೊನೆಗೆ ಮರೆತ ಒಂದನ್ನು ನೆನಪಾದ ತಕ್ಷಣ ನುಂಗಿ, ಅವತ್ತಿನದನ್ನು ಅದರ ಹೊತ್ತಿಗೆ ತಗೊಳ್ಳಿ, ಅಷ್ಟು ಸಾಕು. ಉಳಿದವನ್ನು ಎಸೆಯಿರಿ. ಮಾತ್ರೆ ನುಂಗಿದ 3 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು ತಗೊಳ್ಳಬೇಕು.

ಒಂದೇ ಒಂದು ಮಾತ್ರೆ ತಪ್ಪಿದ್ದರೆ, ಅಥವಾ ಕೆಲವು ಗಂಟೆ ತಡವಾಗಿದ್ದರೆ, ನೆನಪಾದಾಗ ನುಂಗಿ ಮುಂದುವರಿಸಿ, ಚಿಂತೆ ಬೇಡ. ಎರಡೋ ಜಾಸ್ತಿಯೋ ತಪ್ಪಿದರೆ ಮುಂದಿನ 7 ದಿನ ಕಾಂಡೋಮ್ ಬೇಕೇ ಬೇಕು, ಯಾಕಂದರೆ ಅಂಡಾಶಯ ಪೂರ್ತಿ ಮಲಗಲು ಸತತ 7 ಮಾತ್ರೆ ಬೇಕು. ಮೂರನೇ ವಾರದಲ್ಲಿ ತಪ್ಪಿದ್ದರೆ 7 ದಿನದ ಬಿಡುವನ್ನೇ ಕೊಡಬೇಡಿ, ಈ ಸ್ಟ್ರಿಪ್ ಮುಗಿದ ಮಾರನೇ ದಿನವೇ ಹೊಸದು. ನೀವು ಆ ಬುಧವಾರದಿಂದ ಬಿಡದೆ ತಗೊಂಡಿದ್ದೀರಿ, 7 ದಾಟಿದೆ. ಇನ್ನು ಮುಂದಿನದಕ್ಕೆ ರಕ್ಷಣೆ ಇದೆ. ಅನುಮಾನ ಇರುವುದು ಆ ಗುರುವಾರದ ಬಗ್ಗೆ ಮಾತ್ರ.

ಆ ಗುರುವಾರವೇ ಕೇಳಿದ್ದರೆ ತುರ್ತು ಗರ್ಭನಿರೋಧಕ ಮಾತ್ರೆ ತಗೊಳ್ಳಿ ಅನ್ನುತ್ತಿದ್ದೆ. ಮೆಡಿಕಲ್ ಶಾಪ್‌ನಲ್ಲಿ ಚೀಟಿ ಇಲ್ಲದೆ ಸಿಗುವ, 1.5 ಮಿಲಿಗ್ರಾಂ ಲೆವೊನಾರ್ಜೆಸ್ಟ್ರೆಲ್ ಇರುವ ಮಾತ್ರೆ. ಅದನ್ನು 72 ಗಂಟೆಯೊಳಗೆ ತಗೊಳ್ಳಬೇಕು, ಎಷ್ಟು ಬೇಗ ಅಷ್ಟು ಒಳ್ಳೆಯದು. ಅದಕ್ಕಿಂತ ಗಟ್ಟಿ ದಾರಿ 5 ದಿನದೊಳಗೆ ಕಾಪರ್-ಟಿ (ಗರ್ಭಕೋಶದೊಳಗೆ ಇಡುವ ತಾಮ್ರದ ಸಾಧನ) ಹಾಕಿಸುವುದು. ಈಗ ಎರಡರ ಹೊತ್ತೂ ಮೀರಿದೆ, ಹಾಗಾಗಿ ಸುಮ್ನೆ ತುರ್ತು ಮಾತ್ರೆ ನುಂಗಬೇಡಿ.

ಬೇರೆ ಮಾತ್ರೆ ತಗೊಳ್ಳುವವರಿಗೆ ಎರಡು ಮಾತು. ಸರ್ಕಾರದ ಮಾಲಾ-ಎನ್ ಸ್ಟ್ರಿಪ್‌ನಲ್ಲಿ 28 ಇರುತ್ತವೆ, ಕೊನೆಯ 7 ಬೇರೆ ಬಣ್ಣದವು, ಬರೀ ಕಬ್ಬಿಣದವು. ಅವು ತಪ್ಪಿದರೆ ಗರ್ಭದ ಭಯ ಇಲ್ಲ, ಹೊಸ ಸ್ಟ್ರಿಪ್ ತಡವಾಗಬಾರದು ಅಷ್ಟೇ. ಛಾಯಾ ಮಾತ್ರೆಯ ಲೆಕ್ಕವೇ ಬೇರೆ: ಮೊದಲ 3 ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅದನ್ನು ಮರೆತು 7 ದಿನ ದಾಟಿದರೆ ಮತ್ತೆ ಮೊದಲಿನಿಂದ, ವಾರಕ್ಕೆ ಎರಡರಂತೆ. ಟಿಬಿಗೆ ರಿಫಾಂಪಿಸಿನ್ ಅಥವಾ ಫಿಟ್ಸ್‌ಗೆ ಕಾರ್ಬಮಾಜೆಪಿನ್, ಫೆನಿಟಾಯಿನ್ ತಗೊಳ್ಳುವವರು ನಿಮ್ಮ ಡಾಕ್ಟರಿಗೆ ಖಂಡಿತ ತಿಳಿಸಿ. ಒಂದೂ ಮರೆಯದಿದ್ದರೂ ಅವು ಈ ಮಾತ್ರೆಯ ಶಕ್ತಿ ಕುಗ್ಗಿಸುತ್ತವೆ.

ಒಂದೂ ತಪ್ಪದೆ ನುಂಗಿದರೆ ವರ್ಷದಲ್ಲಿ 100 ಮಹಿಳೆಯರಲ್ಲಿ ಒಬ್ಬರಿಗೂ ಗರ್ಭ ನಿಲ್ಲುವುದು ಅಪರೂಪ. ಮಾಮೂಲಿ ಜೀವನದಲ್ಲಿ, ಮರೆವೂ ಸೇರಿ, ಅದು ಸುಮಾರು 7 ಜನರಿಗೆ ಆಗುತ್ತದೆ. ನಿಮ್ಮಂಥ ಶಿಫ್ಟ್ ಕೆಲಸದವರು ಮಾತ್ರೆಯನ್ನು ಮಲಗುವ ಹೊತ್ತಿಗೆ ಕಟ್ಟಿ ಹಾಕಬೇಡಿ, ಆ ಹೊತ್ತೇ ವಾರವಾರ ಬದಲಾಗುತ್ತಲ್ಲ. ಮೊಬೈಲ್‌ನಲ್ಲಿ ಒಂದೇ ಗಂಟೆಗೆ ಅಲಾರಾಂ ಇಡಿ, ಆಫೀಸ್ ಬ್ಯಾಗ್‌ನಲ್ಲಿ ಇನ್ನೊಂದು ಸ್ಟ್ರಿಪ್ ಇರಲಿ. ಇಷ್ಟಾದರೂ ಮರೆವು ತಪ್ಪದಿದ್ದರೆ ಕಾಪರ್-ಟಿ ಬಗ್ಗೆ ಯೋಚಿಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಹಾಕುತ್ತಾರೆ. ಗಂಡನೂ ಈ ಮಾತಿನಲ್ಲಿ ಇರಲಿ. ಆ 7 ದಿನದ ಕಾಂಡೋಮ್ ಅವರ ಜವಾಬ್ದಾರಿ ಕೂಡ.

ಟೆಸ್ಟ್ ಪಾಸಿಟಿವ್ ಬಂದರೆ ಮಾತ್ರೆ ನಿಲ್ಲಿಸಿ ಸ್ತ್ರೀರೋಗ ತಜ್ಞರನ್ನು ನೋಡಿ. ಅಲ್ಲಿಯವರೆಗೆ ತಗೊಂಡ ಮಾತ್ರೆಯಿಂದ ಮಗುವಿಗೆ ಊನವಾಗುತ್ತದೆ ಅನ್ನುವುದು ಸುಳ್ಳು ಭಯ. ಗರ್ಭ ಬೇಡವೆಂದರೆ, ಗರ್ಭನಿರೋಧಕ ಕೈಕೊಟ್ಟ ಕಾರಣಕ್ಕೆ 20 ವಾರದವರೆಗೆ ಒಬ್ಬ ವೈದ್ಯರ ಅಭಿಪ್ರಾಯದ ಮೇಲೆ ತೆಗೆಸಲು ಕಾನೂನಿನಲ್ಲಿ ಅವಕಾಶ ಇದೆ. 2021ರ ತಿದ್ದುಪಡಿಯ ನಂತರ ಇದು ಮದುವೆಯಾಗದವರಿಗೂ ಸಿಗುತ್ತದೆ. ನಿಮ್ಮ ಒಪ್ಪಿಗೆ ಸಾಕು, ಗಂಡನ ಸಹಿ ಬೇಕಿಲ್ಲ. ಆದರೆ ಮೆಡಿಕಲ್ ಶಾಪ್‌ನಿಂದ ಗರ್ಭಪಾತದ ಕಿಟ್ ತಂದು ಮನೆಯಲ್ಲಿ ನೀವೇ ನುಂಗಬೇಡಿ. ಗರ್ಭಕೋಶದ ಬದಲು ಅಂಡನಾಳದಲ್ಲಿ ಗರ್ಭ ನಿಂತಿದ್ದರೆ ಆ ಮಾತ್ರೆ ಕೆಲಸ ಮಾಡುವುದಿಲ್ಲ, ನಾಳ ಒಡೆದರೆ ಜೀವಕ್ಕೇ ಅಪಾಯ. ಹೊಟ್ಟೆಯ ಒಂದು ಬದಿಯಲ್ಲಿ ಜೋರು ನೋವು, ತಲೆಸುತ್ತು ಬಂದರೆ 21 ದಿನ ಆಗಲಿ ಅಂತ ಕಾಯದೆ ಅವತ್ತೇ ಆಸ್ಪತ್ರೆಗೆ ಹೋಗಿ.