ಗಾಲಿಕುರ್ಚಿಯಲ್ಲಿರುವ ಅಜ್ಜಿಯನ್ನು ಬೆಂಗಳೂರಿನ ಲಾಲ್‌ಬಾಗ್ ಸುತ್ತಿಸಬಹುದೇ?

ಧಾರಾಳವಾಗಿ. ಆದರೆ 240 ಎಕರೆಯನ್ನೂ ಒಂದೇ ದಿನ ಸುತ್ತುವ ಹಟ ಬೇಡ. ಮೆಟ್ರೊ ಹಸಿರು ಮಾರ್ಗದ ಲಾಲ್‌ಬಾಗ್ ನಿಲ್ದಾಣದಲ್ಲಿ ಲಿಫ್ಟ್‌ನಿಂದ ಇಳಿದರೆ ಪಶ್ಚಿಮ ದ್ವಾರ ಹತ್ತಿರ. ಗಾಜಿನ ಮನೆಯ ಸುತ್ತಲಿನ ಅಗಲ ದಾರಿಗಳಲ್ಲೇ ಓಡಾಡಿ. ಕೆಂಪೇಗೌಡ ಗೋಪುರದ ಬಂಡೆ ಮಾತ್ರ ಗಾಲಿಕುರ್ಚಿಗೆ ಆಗುವುದಿಲ್ಲ, ಕೆಳಗಿನಿಂದಲೇ ತೋರಿಸಿ.

ತೊಂದರೆ ಹೆಚ್ಚಾಗಿ ಮುಂದಿನ ಚಿಕ್ಕ ಗಾಲಿಗಳಿಂದ. ಜಲ್ಲಿ, ಮರದ ಬೇರು, ಒದ್ದೆ ಮಣ್ಣಿನಲ್ಲಿ ಅವು ಸಿಕ್ಕಿಕೊಂಡರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ಅಂಥ ಕಡೆ ಕುರ್ಚಿಯನ್ನು ತಿರುಗಿಸಿ ಹಿಮ್ಮುಖವಾಗಿ ಎಳೆಯಿರಿ, ದೊಡ್ಡ ಗಾಲಿ ಮೊದಲು ದಾಟಲಿ. ಕಡಿದಾದ ಇಳಿಜಾರು ಇಳಿಯುವಾಗಲೂ ಹಿಮ್ಮುಖವೇ ಕ್ಷೇಮ. ನಿಂತಲ್ಲೆಲ್ಲ ಬ್ರೇಕ್ ಹಾಕಿ. ನಡೆಯದೆ ನೆರಳಲ್ಲಿ ಕೂತವರಿಗೆ ಚಳಿ ಬೇಗ ಹತ್ತುತ್ತದೆ, ಶಾಲು ಇರಲಿ. ಆಗಸ್ಟ್ 15, ಜನವರಿ 26ರ ಆಸುಪಾಸಿನ ಫಲಪುಷ್ಪ ಪ್ರದರ್ಶನದಲ್ಲಿ ವಿಪರೀತ ನೂಕುನುಗ್ಗಲು. ಬೇರೆ ವಾರಗಳಲ್ಲಿ, ರಜೆಯಿಲ್ಲದ ದಿನ ಬೆಳಿಗ್ಗೆ ಹೋಗಿ.