ಸಿನಿಮಾ ಪೋಸ್ಟರನ್ನೇ ಚಿಕ್ಕದು ಮಾಡಿ ಡಿವಿಡಿ ಕವರಿಗೆ ಹಾಕಿದರೆ ಸಾಲದೇ?

ಕುಮಟಾ ಕಡೆಯ ಗೆಳೆಯರೆಲ್ಲ ಸೇರಿ ಒಂದು ಸಿನಿಮಾ ಮಾಡಿದ್ದೇವೆ, ಸ್ವಲ್ಪ ಡಿವಿಡಿ, ಸಾಧ್ಯವಾದರೆ ಬ್ಲೂ-ರೇ ಕೂಡ ತರುವ ಆಲೋಚನೆ ಇದೆ, ಪೋಸ್ಟರ್ ಹೇಗೂ ತಯಾರಿದೆ, ಅದನ್ನೇ ಕವರಿಗೆ ಹಾಕಿದರೆ ಸಾಲದೇ ಎಂದು ಕೇಳಿದ್ದೀರಿ.

ಸಾಲದು ಮಾರಾಯ್ರೆ. ನಾನು ಶಿರಸಿಯಲ್ಲಿ ಡಿಟಿಪಿ ಕೆಲಸ ಮಾಡುವವನು. ಮದುವೆ ಕರೆಯೋಲೆ, ಮೇಳದ ಹ್ಯಾಂಡ್‌ಬಿಲ್ ಜೊತೆಗೆ ವಿಸಿಡಿ, ಡಿವಿಡಿ ಕವರುಗಳನ್ನೂ ಸಾಕಷ್ಟು ಮಾಡಿದ್ದೇನೆ. ಹೆಚ್ಚಿನವು ಯಕ್ಷಗಾನದ್ದು, ನಡುನಡುವೆ ಸಿನಿಮಾದ್ದು. ಪೋಸ್ಟರ್ ಇರುವುದು ಸಿನಿಮಾದ ಹೆಸರೇ ಕೇಳದವರನ್ನು ದೂರದಿಂದ ಕರೆಯಲಿಕ್ಕೆ. ಇವತ್ತು ಡಿಸ್ಕ್ ಕೊಳ್ಳುವವರು ಹೆಸರು ಕೇಳಿ, ಬಹುಶಃ ಸಿನಿಮಾ ನೋಡಿಯೂ ಆದವರು. ಅವರಿಗೆ ಬೇಕಾದದ್ದು ಇಟ್ಟುಕೊಳ್ಳುವಂಥ ವಸ್ತು. ಅದನ್ನು ಕೈಯಲ್ಲಿ ಹಿಡಿಯುತ್ತಾರೆ, ತಿರುಗಿಸಿ ಹಿಂದೆ ಓದುತ್ತಾರೆ, ಆಮೇಲೆ ಕಪಾಟಿನಲ್ಲಿ ನಿಲ್ಲಿಸುತ್ತಾರೆ. ಪೋಸ್ಟರಿಗೆ ಇರುವುದು ಒಂದೇ ಮುಖ, ಡಬ್ಬಿಗೆ ಮೂರು. ಡಿಸ್ಕಿನ ಮೇಲ್ಮೈ ಸೇರಿಸಿದರೆ ನಾಲ್ಕು.

ಮೊದಲು ಅಳತೆ ನೋಡಿ. ನಮ್ಮಲ್ಲಿ ಗೋಡೆಗೆ ಅಂಟಿಸುವ ಪೋಸ್ಟರ್ ಸಾಮಾನ್ಯವಾಗಿ 30×40 ಇಂಚು. ಡಿವಿಡಿ ಡಬ್ಬಿಯ ಹೊರಗೆ ತೂರಿಸುವ ಕಾಗದ ಬಿಚ್ಚಿ ಹರಡಿದರೆ 273×183 ಮಿಲಿಮೀಟರ್. ಅದರಲ್ಲಿ ಮುಂಬದಿ 129.5, ಹಿಂಬದಿ 129.5, ನಡುವೆ 14 ಮಿ.ಮೀ. ಬೆನ್ನು. ಅಂದರೆ ಪೋಸ್ಟರ್ ಸುಮಾರು ಐದೂವರೆ ಪಟ್ಟು ಕುಗ್ಗುತ್ತದೆ. ಪೋಸ್ಟರಿನ ಕೆಳಗೆ ಒಂದು ಸೆಂಟಿಮೀಟರ್ ಎತ್ತರಕ್ಕಿದ್ದ ಹೆಸರುಗಳು ಎರಡು ಮಿಲಿಮೀಟರಿಗೂ ಕೆಳಗೆ ಇಳಿಯುತ್ತವೆ. ಇಂಗ್ಲಿಷ್ ಪೋಸ್ಟರುಗಳಲ್ಲಿ ತಂತ್ರಜ್ಞರ ಹೆಸರಿಗೆಂದು ಸಪೂರ, ಉದ್ದದ ಅಕ್ಷರ ಬಳಸುತ್ತಾರಲ್ಲ, ಅದನ್ನು ನೋಡಿ ನಮ್ಮವರೂ ಕನ್ನಡವನ್ನು ಎರಡೂ ಬದಿಯಿಂದ ಒತ್ತಿ ಹಿಂಡುತ್ತಾರೆ. ಕನ್ನಡ ಅಕ್ಷರ ದುಂಡಗಿನದು, ಹಿಂಡಿದರೆ ಸಾಯುತ್ತದೆ. 'ಥ'ದ ಹೊಟ್ಟೆಯ ಚುಕ್ಕೆ ಶಾಯಿಯಲ್ಲಿ ಮುಚ್ಚಿಹೋಗುತ್ತದೆ, 'ದ' ಯಾವುದು 'ಧ' ಯಾವುದು ಗೊತ್ತಾಗುವುದಿಲ್ಲ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಹಾಗಾಗಿ ಮುಂಬದಿಯಲ್ಲಿ ಸಿನಿಮಾದ ಹೆಸರು, ನಿರ್ದೇಶಕರ ಹೆಸರು, ಬೇಕಿದ್ದರೆ ಇಬ್ಬರು ನಟರ ಹೆಸರು ಸಾಕು. ಉಳಿದವರೆಲ್ಲ ಹಿಂಬದಿಗೆ ಹೋಗಲಿ. ಯಾರಾದರೂ ಮುನಿಸಿಕೊಂಡರೆ ಒಳಗೆ ಒಂದು ಮಡಿಕೆಯ ಕಾಗದ ಇಟ್ಟು ಅದರಲ್ಲಿ ದೊಡ್ಡದಾಗಿ ಹಾಕಿ.

ಬ್ಲೂ-ರೇಗೂ ಇದೇ ಫೈಲ್ ನಡೆಯುತ್ತದೆ ಅಂದುಕೊಳ್ಳಬೇಡಿ. ಆ ಡಬ್ಬಿ ಗಿಡ್ಡ. ಕಾಗದ ಸುಮಾರು 269×149 ಮಿ.ಮೀ., ಮೇಲೆ ನೀಲಿ ಪಟ್ಟಿ ಬೇರೆ. ಅಗಲ ಹೆಚ್ಚುಕಡಿಮೆ ಅಷ್ಟೇ ಇದ್ದು ಎತ್ತರ ಮಾತ್ರ ಕಡಿಮೆಯಾಗುವುದರಿಂದ ಎಲ್ಲವನ್ನೂ ಮತ್ತೆ ಕೂರಿಸಬೇಕು.

ಪೋಸ್ಟರ್ ಕತ್ತರಿಸಿ ಕವರ್ ಮಾಡಿದರೆ ಏನಾಗುತ್ತದೆ ಎಂದು ನೋಡಬೇಕಿದ್ದರೆ ಹಳೆಯ ವಿಸಿಡಿಗಳನ್ನು ನೋಡಿ. ಒಂದು ವಿಸಿಡಿಯಲ್ಲಿ ಹಿಡಿಯುತ್ತಿದ್ದದ್ದು 74ರಿಂದ 80 ನಿಮಿಷ. ಎರಡೂವರೆ ಗಂಟೆಯ ಕನ್ನಡ ಸಿನಿಮಾಕ್ಕೆ ಎರಡು, ಕೆಲವೊಮ್ಮೆ ಮೂರು ಡಿಸ್ಕ್. ಡಬ್ಬಿ ಮಾತ್ರ ಹಾಡಿನ ಸಿಡಿಯದ್ದೇ, ಮುಂದಿನ ಕಾಗದ 120×120 ಮಿ.ಮೀ. ಚೌಕ. ನಿಂತ ಪೋಸ್ಟರನ್ನು ಚೌಕಕ್ಕೆ ಇಳಿಸಬೇಕಲ್ಲ? ಕಾಲು ಕತ್ತರಿಸು, ಹಿನ್ನೆಲೆಯ ಗುಡ್ಡ ತೆಗಿ, ಹೀರೋ, ಹೀರೋಯಿನ್, ಖಳನಾಯಕ ಮೂವರ ತಲೆಯನ್ನೂ ಮೇಲೆ ತೇಲಿಸು. 1996ರ 'ನಮ್ಮೂರ ಮಂದಾರ ಹೂವೇ' ಬಂದ ಮೇಲೆ ಯಾಣದ ಬಂಡೆ ನೋಡಲು ಊರೂರಿನಿಂದ ಜನ ಬಂದರು. ಅಂಥ ಜಾಗದಲ್ಲಿ ತೆಗೆದ ಸಿನಿಮಾಕ್ಕೂ ಚೌಕದ ಕವರಿನಲ್ಲಿ ಜಾಗದ ಗುರುತು ಉಳಿಸುವುದು ಕಷ್ಟ. ಆಮೇಲೆ 2007ರ ಹೊತ್ತಿಗೆ ಮೋಸರ್ ಬೇರ್ ಕಂಪನಿ ವಿಸಿಡಿ 28 ರೂಪಾಯಿಗೆ, ಡಿವಿಡಿ 34 ರೂಪಾಯಿಗೆ ಮಾರಲು ಇಳಿಯಿತು. ಕಳ್ಳ ಡಿಸ್ಕಿನ ಬೆಲೆಗೇ ಅಸಲಿ ಸಿಕ್ಕಿತು, ಅದು ಒಳ್ಳೆಯದೇ. ಆದರೆ ಆ ಬೆಲೆಯಲ್ಲಿ ಕವರಿಗೆಂದು ಯಾರು ಚಿತ್ರ ಬರೆಸುತ್ತಾರೆ ಹೇಳಿ. ಮಾರಿಕಾಂಬಾ ಜಾತ್ರೆಯ ಅಂಗಡಿಗಳಲ್ಲಿ ಬರುತ್ತಿದ್ದ 'ಐದು ಸಿನಿಮಾ ಒಂದೇ ಡಿಸ್ಕ್' ಕವರುಗಳ ಸುದ್ದಿಗೆ ನಾನು ಹೋಗುವುದಿಲ್ಲ, ಅವಕ್ಕೆ ಅವುಗಳದ್ದೇ ಒಂದು ಸೌಂದರ್ಯಶಾಸ್ತ್ರ ಇತ್ತು.

ಈಗ ನಿಮಗೆ ಎಲ್ಲಕ್ಕಿಂತ ಮುಖ್ಯವಾದ ಮಾತು. ಬೇರೆ ವಿನ್ಯಾಸ ಮಾಡಿ ಎಂದಾಗ ಹೆಚ್ಚಿನವರು ಸಿನಿಮಾವನ್ನೇ ಕಂಪ್ಯೂಟರಿನಲ್ಲಿ ಓಡಿಸಿ, ಚಂದದ ಒಂದು ದೃಶ್ಯದಲ್ಲಿ ನಿಲ್ಲಿಸಿ, ಆ ಚೌಕಟ್ಟನ್ನು ತಂದುಕೊಡುತ್ತಾರೆ. ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಬೇಕು. ನಮ್ಮ ದೇಶದ ಟಿವಿಗಳ ಪಾಲ್ ಪದ್ಧತಿಯ ಡಿವಿಡಿಯ ಚೌಕಟ್ಟು 720×576 ಪಿಕ್ಸೆಲ್. ಲೆಕ್ಕ ಹಾಕಿ: 61×49 ಮಿ.ಮೀ. ಆಯಿತು, ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಹೈ ಡೆಫಿನಿಷನ್ ಅಂದರೆ 1920×1080. ಕವರಿನ ಎತ್ತರ 183, ಮೇಲೆ ಕೆಳಗೆ ಕತ್ತರಿಗೆಂದು ಮೂರು ಮೂರು ಸೇರಿಸಿ 189 ಮಿ.ಮೀ. ಅಷ್ಟಕ್ಕೆ 2232 ಪಿಕ್ಸೆಲ್ ಎತ್ತರ ಬೇಕು, ನಿಮ್ಮಲ್ಲಿರುವುದು 1080. ಅರ್ಧಕ್ಕೂ ಕಡಿಮೆ. ನಾಲ್ಕು-ಕೆಯಲ್ಲಿ ಚಿತ್ರೀಕರಿಸಿದ್ದರೆ 2160 ಸಿಗುತ್ತದೆ, ಅದು ಹೇಗೋ ದಾಟುತ್ತದೆ. ಅದರಲ್ಲೂ ಒಂದು ತೊಡಕು: ಸಿನಿಮಾದ ಚೌಕಟ್ಟು ಅಡ್ಡ, ಕವರು ನಿಂತದ್ದು. ಎರಡೂ ಬದಿ ಕತ್ತರಿಸಿದ ಮೇಲೆ ಉಳಿದ ನಡುಭಾಗದಲ್ಲಿ ಚಿತ್ರ ಇದ್ದರೆ ಇತ್ತು. ಓಡುವಾಗ ಕಾಣದ ಅಲುಗಾಟದ ಮಸುಕು ನಿಂತ ಚಿತ್ರದಲ್ಲಿ ಎದ್ದು ಕಾಣುತ್ತದೆ. ಸೆಟ್ಟಿನಲ್ಲಿ ಯಾರಾದರೂ ಬೇರೆ ಕ್ಯಾಮೆರಾದಲ್ಲಿ ಸ್ಟಿಲ್ ತೆಗೆದಿದ್ದರೆ ಅದನ್ನು ಹುಡುಕಿ. ತೆಗೆದಿಲ್ಲವೆಂದರೆ ಈಗಲೂ ತಡವಾಗಿಲ್ಲ, ಆ ಬಟ್ಟೆ ಹಾಕಿಸಿ, ಅದೇ ಜಾಗಕ್ಕೆ ಕರೆದುಕೊಂಡು ಹೋಗಿ ಒಂದು ಬೆಳಿಗ್ಗೆ ನಿಂತ ಚೌಕಟ್ಟಿನಲ್ಲಿ ತೆಗೆಸಿ. ಇಲ್ಲವೇ ಚಿತ್ರ ಬರೆಸಿ.

ಯಕ್ಷಗಾನದ ಡಿಸ್ಕುಗಳಲ್ಲಿ ನಾನು ದಿನಾ ಒದ್ದಾಡಿದ್ದು ಇದರ ಜೊತೆಗೇ. ರಾತ್ರಿ ಬಯಲಿನಲ್ಲಿ, ಟ್ಯೂಬ್‌ಲೈಟಿನ ಹಸಿರು ಬೆಳಕಿನಲ್ಲಿ ತೆಗೆದ ವಿಡಿಯೋದಿಂದ ಎತ್ತಿದ ವೇಷದ ಮುಖ ಕವರಿನಲ್ಲಿ ಪಾಚಿ ಹಿಡಿದ ಹಾಗೆ ಬರುತ್ತಿತ್ತು. ಮೇಲಾಗಿ ವೇಷ ಅಗಲದ್ದು. ಭುಜಕೀರ್ತಿ, ಕಿರೀಟ, ಎತ್ತಿದ ಕೈ ಎಲ್ಲ 129.5 ಮಿ.ಮೀ. ಒಳಗೆ ಬರಬೇಕೆಂದರೆ ಮುಖ ಚಿಕ್ಕದಾಗುತ್ತದೆ, ಮುಖ ದೊಡ್ಡದು ಮಾಡಿದರೆ ಕಿರೀಟ ತುಂಡಾಗುತ್ತದೆ. ಕಿರೀಟ ಕತ್ತರಿಸಿದ ಕವರನ್ನು ಕಲಾವಿದರು ಒಪ್ಪುವುದೂ ಇಲ್ಲ, ಒಪ್ಪಬೇಕಾಗಿಯೂ ಇಲ್ಲ. ಆದರೆ ಆ ಗಿರಾಕಿಗಳನ್ನು ನೋಡಿ ಕಲಿತದ್ದು ನಿಮಗೂ ಉಪಯೋಗಕ್ಕೆ ಬಂದೀತು. ಯಕ್ಷಗಾನದ ಡಿಸ್ಕ್ ಕೊಳ್ಳುವವರು ಮುಂಬದಿಯಲ್ಲಿ ಪ್ರಸಂಗದ ಹೆಸರು ನೋಡಿ ಕೂಡಲೇ ತಿರುಗಿಸುತ್ತಾರೆ. ಭಾಗವತರು ಯಾರು, ಮದ್ದಳೆ ಯಾರು, ಚೆಂಡೆ ಯಾರು, ಆಮೇಲೆ ಮುಮ್ಮೇಳದಲ್ಲಿ ಯಾವ ಪಾತ್ರ ಯಾರದ್ದು. ಕೊಳ್ಳುವುದೋ ಬಿಡುವುದೋ ಅಲ್ಲೇ ತೀರ್ಮಾನ. ಹಿಮ್ಮೇಳವನ್ನು ಮೂಲೆಗೆ ಸಣ್ಣದಾಗಿ ತಳ್ಳಿದರೆ ಅಂಗಡಿಯವನಿಗೇ ಬೈಗುಳ. ಸಿನಿಮಾದಲ್ಲೂ ಹಿಂಬದಿ ಅಂದರೆ ಉಳಿದದ್ದನ್ನೆಲ್ಲ ತುರುಕುವ ಗೋಣಿ ಅಲ್ಲ. ಕಥೆಯ ಎಳೆ ಐದಾರು ಸಾಲಿನಲ್ಲಿ, 'ಮನಮುಟ್ಟುವ', 'ವಿಭಿನ್ನ' ಎಂಬಂಥ ಮಾತಿಲ್ಲದೆ. ಎರಡು ಸ್ಟಿಲ್. ಅವಧಿ, ಭಾಷೆ, ಸಬ್‌ಟೈಟಲ್ ಯಾವುದರಲ್ಲಿದೆ, ಚಿತ್ರದ ಅನುಪಾತ. ಮತ್ತೆ ವಲಯ, ಅಂದರೆ ಡಿಸ್ಕ್ ಯಾವ ದೇಶಗಳ ಪ್ಲೇಯರಿನಲ್ಲಿ ಓಡುತ್ತದೆ ಎಂಬ ಗುರುತು. ಭಾರತ ಡಿವಿಡಿಗೆ ವಲಯ 5, ಅಮೆರಿಕ ವಲಯ 1. ನಮ್ಮ ಕಡೆ ಮನೆಮನೆಯ ಮಕ್ಕಳು ಹೊರದೇಶದಲ್ಲಿರುವಾಗ ಅಪ್ಪ ಅಮ್ಮ ಡಿಸ್ಕ್ ಕಳಿಸುವುದು ಅಲ್ಲಿಗೇ. ವಲಯದ ನಿರ್ಬಂಧ ಹಾಕಿಸಬೇಡಿ, 'ಎಲ್ಲ ವಲಯ' ಎಂದು ಹಿಂದೆ ಸ್ಪಷ್ಟವಾಗಿ ಬರೆಯಿರಿ.

ಬೆನ್ನಿನ ಬಗ್ಗೆ ಯಾರೂ ಕೇಳುವುದಿಲ್ಲ, ಡಿಸ್ಕಿನ ಬಹುಪಾಲು ಆಯುಷ್ಯದಲ್ಲಿ ಕಾಣುವುದು ಮಾತ್ರ ಅದೊಂದೇ. 14 ಮಿ.ಮೀ.ಯಲ್ಲಿ ಮಡಿಕೆ ಆಚೀಚೆ ಸರಿಯುತ್ತದೆಂದು ಎರಡೆರಡು ಮಿ.ಮೀ. ಬಿಡಿ, ಉಳಿದದ್ದು ಹತ್ತು. ಆ ಹತ್ತರಲ್ಲಿ ಕೊಂಬು, ಒತ್ತು ಎಲ್ಲ ಸೇರಿ ಕೂರಬೇಕು. ಮೇಲೆ ಹೇಳಿದ ಸಿನಿಮಾದ ಹೆಸರಲ್ಲೇ 'ಮ್ಮೂ' ಇದೆ ನೋಡಿ, ಅದೊಂದು ಅಕ್ಷರವೇ ಇಡೀ ಸಾಲಿನ ಗಾತ್ರ ತೀರ್ಮಾನಿಸುತ್ತದೆ. ಅಂಗಡಿಯ ಬೋರ್ಡಿನ ಹಾಗೆ ಒಂದರ ಕೆಳಗೊಂದು ಅಕ್ಷರ ಪೇರಿಸುವ ಆಸೆ ಬೇಡ, ಸಾಲನ್ನೇ ಮೇಲಿನಿಂದ ಕೆಳಗೆ ತಿರುಗಿಸಿ. ಕನ್ನಡದ ಜೊತೆ ಇಂಗ್ಲಿಷ್ ಹೆಸರೂ ಇರಲಿ. ಕಾರವಾರದ ಅಂಗಡಿಗಳಲ್ಲಿ ಗೋವಾದ ಕೊಂಕಣಿ ನಾಟಕ ತಿಯಾತ್ರ್‌ನ ಡಿಸ್ಕುಗಳು ರೋಮನ್ ಅಕ್ಷರದಲ್ಲಿ, ನಮ್ಮವು ಕನ್ನಡದಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತಿದ್ದವು, ಒಂದು ಓದಬಲ್ಲವರು ಇನ್ನೊಂದನ್ನು ಮುಟ್ಟುತ್ತಿರಲಿಲ್ಲ.

ಇಷ್ಟಾಗಿಯೂ ಪೋಸ್ಟರಿನ ಮೇಲೆ ಪ್ರೀತಿ ಇದ್ದರೆ ಬಿಟ್ಟುಬಿಡಿ ಎಂದು ನಾನು ಹೇಳುವುದಿಲ್ಲ. ಹಳೆಯ ಸಿನಿಮಾಗಳ ಡಿಸ್ಕ್ ತರುವ ಬ್ರಿಟನ್ನಿನ ಆ್ಯರೋ ವಿಡಿಯೋದವರು ಮಾಡುವ ಉಪಾಯ ಚೆನ್ನಾಗಿದೆ: ಕಾಗದದ ಒಂದು ಬದಿಗೆ ಹೊಸದಾಗಿ ಬರೆಸಿದ ಚಿತ್ರ, ಇನ್ನೊಂದು ಬದಿಗೆ ಹಳೆಯ ಪೋಸ್ಟರ್. ಬೇಕಾದವರು ತಿರುಗಿಸಿ ಹಾಕಿಕೊಳ್ಳಬಹುದು. ಅದಕ್ಕೆ ಕಪ್ಪು ಡಬ್ಬಿ ಬಿಟ್ಟು ಪಾರದರ್ಶಕ ಡಬ್ಬಿ ತರಿಸಿ, ತೆರೆದಾಗ ಒಳಬದಿಯೂ ಕಾಣುತ್ತದೆ. ಅಮೆರಿಕದ ಕ್ರೈಟೀರಿಯನ್ ಕಲೆಕ್ಷನ್ 1984ರಲ್ಲಿ, ಡಿವಿಡಿಗಿಂತ ಮೊದಲಿದ್ದ ದೊಡ್ಡ ಲೇಸರ್ ಡಿಸ್ಕಿನಿಂದ ಶುರುವಾಗಿ, ಆಮೇಲೆ ಬೆನ್ನಿನ ಮೇಲೆ ಕ್ರಮಸಂಖ್ಯೆ ಹಾಕಿ, ಸಿನಿಮಾಕ್ಕೆ ಹೊಸ ಕವರ್ ಬರೆಸುವುದನ್ನೇ ತನ್ನ ಗುರುತು ಮಾಡಿಕೊಂಡಿತು. ಸತ್ಯಜಿತ್ ರಾಯ್ ಅವರ ಅಪು ಚಿತ್ರತ್ರಯವನ್ನು ಅವರು 2015ರಲ್ಲಿ ಪೆಟ್ಟಿಗೆಯಾಗಿ ತಂದರು. ರಾಯ್ ಸಿನಿಮಾಕ್ಕೆ ಬರುವ ಮೊದಲು ಕಲ್ಕತ್ತೆಯ ಜಾಹೀರಾತು ಕಂಪನಿಯಲ್ಲಿ ಚಿತ್ರ ಬರೆಯುತ್ತಿದ್ದವರು, ಪುಸ್ತಕದ ಮುಖಪುಟ ಮಾಡಿದವರು, ತಮ್ಮ ಸಿನಿಮಾದ ಪೋಸ್ಟರನ್ನೂ ತಾವೇ ಬರೆದವರು. ಪೋಸ್ಟರ್ ಬೇರೆ, ಮುಖಪುಟ ಬೇರೆ ಎಂಬುದು ಅಂಥವರ ಕೈಯಲ್ಲೇ ಇತ್ತು.

ಕಾನೂನಿನ ವಿಷಯ ಮರೆಯಬೇಡಿ, ಪೋಸ್ಟರಿನಲ್ಲಿ ಇದಕ್ಕೆ ಜಾಗವೇ ಇರುವುದಿಲ್ಲ. ಕೃತಿಸ್ವಾಮ್ಯ ಕಾಯ್ದೆಗೆ 1984ರಲ್ಲಿ ಸೇರಿಸಿದ 52ಎ ಕಲಮಿನ ಪ್ರಕಾರ ಡಬ್ಬಿಯ ಮೇಲೆ ಸೆನ್ಸಾರ್ ಪ್ರಮಾಣಪತ್ರದ ಪ್ರತಿ, ವಿಡಿಯೋ ತಯಾರಿಸಿದವರ ಹೆಸರು ವಿಳಾಸ, ಹಕ್ಕುದಾರರಿಂದ ಒಪ್ಪಿಗೆ ಪಡೆದಿದ್ದೇವೆ ಎಂಬ ಘೋಷಣೆ, ಹಕ್ಕುದಾರರ ಹೆಸರು ವಿಳಾಸ ಇರಲೇಬೇಕು. ಹಳೆಯ ಕವರುಗಳ ಹಿಂದೆ ಅಂಚೆಚೀಟಿಯಷ್ಟು ದೊಡ್ಡ ಸರ್ಟಿಫಿಕೇಟ್ ಕಾಣುತ್ತದಲ್ಲ, ಅದು ಇದಕ್ಕೇ. ತಪ್ಪಿದರೆ ಮೂರು ವರ್ಷದವರೆಗೆ ಜೈಲು ಮತ್ತು ದಂಡಕ್ಕೆ ಅವಕಾಶ ಇದೆ. ನಮ್ಮಲ್ಲಿ ಆ ಕಲಮು ಬಂದದ್ದು ಕಳ್ಳ ಕ್ಯಾಸೆಟ್ಟಿನ ಕಾಟಕ್ಕೆ. ಅದೇ 1984ರಲ್ಲಿ ಬ್ರಿಟನ್ನಿನಲ್ಲೂ ವಿಡಿಯೋ ಕಾನೂನು ಬಂತು, ಅಲ್ಲಿ ಗಲಾಟೆ ಎಬ್ಬಿಸಿದ್ದರಲ್ಲಿ ಕವರುಗಳದ್ದೂ ದೊಡ್ಡ ಪಾಲು. 'ದಿ ಡ್ರಿಲ್ಲರ್ ಕಿಲ್ಲರ್' ಎಂಬ ಸಿನಿಮಾದ ಕ್ಯಾಸೆಟ್ ಕವರಿನಲ್ಲಿ ಮನುಷ್ಯನ ಹಣೆಗೆ ಡ್ರಿಲ್ ಇಳಿಯುವ ಚಿತ್ರ, ಅದನ್ನೇ ಪತ್ರಿಕೆಯಲ್ಲಿ ಜಾಹೀರಾತು ಮಾಡಿದಾಗ ದೂರಿನ ಮೇಲೆ ದೂರು. ಸಿನಿಮಾ ನೋಡದವರೂ ಕವರ್ ನೋಡಿಯೇ ಸಿಟ್ಟಾಗಿದ್ದರು.

ಪ್ರೆಸ್ಸಿಗೆ ಕೊಡುವಾಗ ಅಕ್ಷರಗಳನ್ನೆಲ್ಲ ಫಾಂಟ್ ಬೇಡದ ರೇಖಾಚಿತ್ರವಾಗಿ (ಔಟ್‌ಲೈನ್) ಬದಲಾಯಿಸಿಯೇ ಪಿಡಿಎಫ್ ಕೊಡಿ. ನುಡಿ, ಶ್ರೀಲಿಪಿಯ ಹಳೆಯ ಫಾಂಟಿನಲ್ಲಿ ಮಾಡಿದ್ದು ಇನ್ನೊಂದು ಕಂಪ್ಯೂಟರಿನಲ್ಲಿ ತೆರೆದರೆ ಕಾಗೆ ಕಾಲು ಗುಬ್ಬಿ ಕಾಲು, ಯೂನಿಕೋಡ್ ಆದರೆ ಕೆಲವು ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು ಪಕ್ಕಕ್ಕೆ ನಿಲ್ಲುತ್ತದೆ. ಕಾಗದ 150ರಿಂದ 170 ಜಿಎಸ್ಎಂ (ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ಆರ್ಟ್ ಪೇಪರ್ ಸಾಕು. ಲ್ಯಾಮಿನೇಷನ್ ಬೇಡ, ಹೊರಗೆ ಡಬ್ಬಿಯ ಪ್ಲಾಸ್ಟಿಕ್ ಇದ್ದೇ ಇದೆ. ಒಂದೇ ಬದಿಗೆ ಲ್ಯಾಮಿನೇಷನ್ ಮಾಡಿದ ಕಾಗದ ನಮ್ಮ ಆಷಾಢದ ತಂಡಿ ಕುಡಿದು ಸುರುಳಿಯಾಗುತ್ತದೆ. ಡಿಸ್ಕಿನ ಮೇಲೆ ಕಾಗದದ ಲೇಬಲ್ ಅಂಟಿಸಲೇಬೇಡಿ, ತಿರುಗುವಾಗ ತೂಕ ತಪ್ಪಿ ಪ್ಲೇಯರ್ ಓದದೇ ಹೋಗಬಹುದು, ನೇರ ಡಿಸ್ಕಿನ ಮೇಲೇ ಮುದ್ರಿಸಿಕೊಡುವವರನ್ನು ಹಿಡಿಯಿರಿ.

ಎಲ್ಲಕ್ಕಿಂತ ಮೊದಲು ಮನೆಯ ಪ್ರಿಂಟರಿನಲ್ಲೇ ಕಪ್ಪು ಬಿಳುಪಿನಲ್ಲಿ ಅಸಲಿ ಅಳತೆಗೆ ಒಂದು ಪ್ರತಿ ತೆಗೆದು, ಮಡಚಿ, ಯಾವುದಾದರೂ ಹಳೆಯ ಡಿವಿಡಿ ಡಬ್ಬಿಗೆ ತೂರಿಸಿ ನೋಡಿ. ಕನ್ನಡಕ ತೆಗೆದಿಟ್ಟ ಒಬ್ಬ ಹಿರಿಯರ ಕೈಗೆ ಕೊಟ್ಟು ಹಿಂದೆ ಏನು ಬರೆದಿದೆ ಓದಿಸಿ. ಅವರು ಕನ್ನಡಕ ಹುಡುಕಲು ಎದ್ದರೆ ಅಕ್ಷರ ಒಂದು ಪಾಯಿಂಟ್ ಏರಿಸಿ, ಕಥೆಯ ಒಂದು ಸಾಲು ಕಡಿಮೆ ಮಾಡಿ.